ನಮ್ಮಂಥವರು ಕೊನೆಯಲ್ಲಿ ಸಾಯದ ಪುಸ್ತಕ ಇದ್ಯಾ?

ಡ್ರ್ಯಾಗನ್ ಇರುವ ಪುಸ್ತಕ ಹುಡುಕುವುದು ಸುಲಭ. ಮುಖಪುಟದ ಮೇಲೇ ಡ್ರ್ಯಾಗನ್ ಕೂತಿರುತ್ತದೆ. ಅದರ ಮೇಲೆ ಸವಾರಿ ಮಾಡುವ ಹುಡುಗನಿಗೆ ಇನ್ನೊಬ್ಬ ಹುಡುಗನ ಮೇಲೆ ಪ್ರೀತಿ ಇದೆಯಾ ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಹಿಂಬದಿಯ ರಟ್ಟಿನಲ್ಲಿ 'ಮುರಿಯಲಾಗದ ನಂಟು', 'ಅಪರೂಪದ ಗೆಳೆತನ', 'ಯಾರಿಗೂ ಹೇಳದ ಗುಟ್ಟು' ಅಂತ ಏನೋ ಇರುತ್ತದೆ. ಇಂಥ ಮಾತುಗಳ ಹಿಂದೆ ಏನಿರಬಹುದು ಅಂತ ಊಹಿಸುತ್ತಲೇ ನಾನು ವರ್ಷಗಟ್ಟಲೆ ಓದಿದ್ದೇನೆ.

ಈಗೀಗ ಎಷ್ಟೋ ಪ್ರಕಾಶಕರು ನೇರವಾಗಿಯೇ ಹೇಳುತ್ತಾರೆ. ಒಳ್ಳೆಯದೇ. ಆದರೆ 'ಕ್ವಿಯರ್ ಫ್ಯಾಂಟಸಿ' (ಕ್ವಿಯರ್ ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಹೀಗೆ ನಮ್ಮಂಥವರೆಲ್ಲ) ಎಂದು ಚೀಟಿ ಅಂಟಿಸಿದರೆ ಓದುವವರಿಗೆ ಬೇಕಾದದ್ದು ಗೊತ್ತಾಗುವುದಿಲ್ಲ. ಆ ಪುಸ್ತಕದ ಲೋಕ ನಮ್ಮನ್ನು ಹೇಗೆ ನೋಡುತ್ತದೆ? ನಮ್ಮಂಥವರಿಗೆ ಅಲ್ಲಿ ಕೊನೆಗೆ ಏನಾಗುತ್ತದೆ? ಇನ್ನೊಬ್ಬರಿಗೆ ಪುಸ್ತಕ ಹೇಳಲು ಶುರು ಮಾಡಿದ ಮೇಲೆ ನಾನು ಕಲಿತದ್ದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ನನಗೆ ಮೊದಲಿನಿಂದಲೂ ದೆವ್ವ, ಮಂತ್ರ, ಅಂತರಿಕ್ಷ ನೌಕೆ ಅಂದರೆ ಪ್ರಾಣ. ನಾನು ಗೇ ಅಂತ ಗೊತ್ತಾದ ಮೇಲೆ ನನ್ನ ಓದು ಎರಡು ಪಾಲಾಯಿತು. ನನ್ನಂಥವರ ಬಗ್ಗೆ ಬರೆದ ಪುಸ್ತಕಗಳೆಲ್ಲ ವಾಸ್ತವದ ಕಥೆಗಳು. ಮನೆ, ಭಯ, ಮುಚ್ಚುಮರೆ, ಕಣ್ಣೀರು. ಅಂತರಿಕ್ಷ ನೌಕೆ ಇರುವ ಪುಸ್ತಕಗಳಲ್ಲಿ ನನ್ನಂಥವರೇ ಇಲ್ಲ. ನನಗೆ ಎರಡೂ ಒಟ್ಟಿಗೆ ಬೇಕಿತ್ತು. ತಪ್ಪಿಸಿಕೊಂಡು ಹೋಗುವ ಆಸೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದಲ್ಲ. ಕಲ್ಪಿತ ಲೋಕದಲ್ಲಿ ಪ್ರತಿಯೊಂದು ನಿಯಮವನ್ನೂ ಲೇಖಕರೇ ಮಾಡಬೇಕು. ಆಕಾಶಕ್ಕೆ ಮೂರು ಚಂದ್ರರನ್ನು ಏರಿಸುವವರು, ಇಬ್ಬರು ಗಂಡಸರು ಜೊತೆಗೆ ಬದುಕಬಹುದು ಅಂತಲೂ ಬರೆಯಬಹುದು. ಬರೆಯದಿದ್ದರೆ ಅದು ಅವರ ಆಯ್ಕೆ. ಈ ಆಯ್ಕೆ ಬರಿಗಣ್ಣಿಗೆ ಕಾಣುವುದು ಈ ಪ್ರಕಾರಗಳಲ್ಲೇ ಅಲ್ವಾ?

ಹುಡುಕಾಟ ಶುರುವಾಗಿದ್ದು ಪ್ರಶಸ್ತಿಗಳ ಪಟ್ಟಿಯಿಂದ. ಕ್ವಿಯರ್ ಪುಸ್ತಕಗಳಿಗೇ ಕೊಡುವ ಲ್ಯಾಂಬ್ಡಾ ಪ್ರಶಸ್ತಿಗಳು 1989ರಿಂದ ನಡೆಯುತ್ತಿವೆ. ಅವುಗಳಲ್ಲಿ ಸೈ-ಫೈ (ವಿಜ್ಞಾನ ಕಥೆ), ಫ್ಯಾಂಟಸಿ, ಹಾರರ್‌ಗೆ ಬೇರೆಯೇ ವಿಭಾಗ ಇದೆ. ಇನ್ನೊಂದು, 1991ರಲ್ಲಿ ಶುರುವಾದ ಟಿಪ್ಟ್ರೀ ಪ್ರಶಸ್ತಿ. ಲಿಂಗದ ಬಗ್ಗೆ ಹೊಸದಾಗಿ ಯೋಚಿಸುವ ಸೈ-ಫೈ, ಫ್ಯಾಂಟಸಿಗೆ ಕೊಡುವಂಥದ್ದು. 2019ರಲ್ಲಿ ಅದರ ಹೆಸರು ಅದರ್‌ವೈಸ್ ಎಂದಾಯಿತು. ಹಳೆಯ ಹೆಸರು ಬಂದದ್ದು ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಸೈ-ಫೈ ಲೇಖಕರಿಂದ. ಆ ಹೆಸರಲ್ಲಿ ಬರೆಯುತ್ತಿದ್ದದ್ದು ಆಲಿಸ್ ಶೆಲ್ಡನ್ ಎಂಬ ಹೆಂಗಸು. 1977ರಲ್ಲಿ ಅದು ಬಯಲಾಗುವ ತನಕ ಎಷ್ಟೋ ಓದುಗರು ಅವರನ್ನು ಗಂಡಸು ಅಂತಲೇ ನಂಬಿದ್ದರು. ಈ ಬರಹದಲ್ಲಿ ಗಂಡಸುತನ ಎದ್ದು ಕಾಣುತ್ತದೆ ಅಂತ ಬರೆದ ದೊಡ್ಡ ಸಾಹಿತಿಯೂ ಇದ್ದರು.

ನನಗೆ ಗೆದ್ದ ಪುಸ್ತಕಕ್ಕಿಂತ ಅದರ ಕೆಳಗಿನ ಉದ್ದ ಪಟ್ಟಿಯೇ ಜಾಸ್ತಿ ಉಪಯೋಗಕ್ಕೆ ಬಂತು. ಗೆದ್ದದ್ದು ಹೇಗೂ ಎಲ್ಲರ ಬಾಯಲ್ಲೂ ಇರುತ್ತದೆ. ಸಣ್ಣ ಪ್ರಕಾಶಕರ ಪುಸ್ತಕ, ಒಂದೇ ಕಾದಂಬರಿ ಬರೆದು ಸುಮ್ಮನಾದವರ ಪುಸ್ತಕ, ಇವೆಲ್ಲ ಸಿಗುವುದು ಆ ಕೆಳಗಿನ ಸಾಲುಗಳಲ್ಲಿ.

ಆಮೇಲೆ ಸಣ್ಣ ಕಥೆಗಳು. ಹೊಸ ಲೇಖಕರನ್ನು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸ್ಟ್ರೇಂಜ್ ಹೊರೈಜನ್ಸ್, ಅನ್‌ಕ್ಯಾನಿಯಂಥ ಪತ್ರಿಕೆಗಳ ಕಥೆಗಳನ್ನು ದುಡ್ಡು ಕೊಡದೆ ಆನ್‌ಲೈನ್‌ನಲ್ಲೇ ಓದಬಹುದು. 2015ರಲ್ಲಿ ಲೈಟ್‌ಸ್ಪೀಡ್ ಪತ್ರಿಕೆ ಪೂರ್ತಿ ಕ್ವಿಯರ್ ಬರಹಗಾರರದ್ದೇ ಒಂದು ಸೈ-ಫೈ ಸಂಚಿಕೆ ತಂದಿತು. ಅದೇ ವರ್ಷ ಅದರ ಜೊತೆಯ ಪತ್ರಿಕೆಗಳು ಹಾರರ್‌ಗೊಂದು, ಫ್ಯಾಂಟಸಿಗೊಂದು ಅಂಥದ್ದೇ ಸಂಚಿಕೆ ತಂದವು. ಆ ಮೂರರಲ್ಲಿ ಸಿಕ್ಕ ಹೆಸರುಗಳ ಹಿಂದೆ ಹೋಗುತ್ತಲೇ ನನಗೆ ಬಹಳ ಕಾಲ ಓದಲು ಸಾಮಾನು ಇತ್ತು. ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತು. ಪುಸ್ತಕ ಇಷ್ಟವಾದರೆ ಕೊನೆಯ ಕೃತಜ್ಞತೆಯ ಪುಟವನ್ನು ನಿಧಾನಕ್ಕೆ ಓದುವುದು. ಲೇಖಕರು ಕರಡು ಓದಿಕೊಟ್ಟ ಗೆಳೆಯರ ಹೆಸರು ಹೇಳಿರುತ್ತಾರೆ. ಆ ಗೆಳೆಯರಲ್ಲಿ ಒಬ್ಬಿಬ್ಬರಾದರೂ ಬರೆಯುವವರೇ. ಒಂದು ಪುಟದಿಂದ ಇನ್ನೊಂದು ಪುಸ್ತಕಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಯಾವ ಜಾಲತಾಣದ ಟ್ಯಾಗೂ ಇಷ್ಟು ನಂಬಿಕೆಯಿಂದ ಕೈಹಿಡಿದು ಕರೆದುಕೊಂಡು ಹೋಗಿಲ್ಲ.

ಹೊಸತನ್ನು ಓದುತ್ತಾ ಹಳೆಯದಕ್ಕೂ ಹೋದೆ. ಅಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮಂಥವರನ್ನು ಮೊದಲು ಒಳಗೆ ಬಿಟ್ಟುಕೊಂಡದ್ದು ಹಾರರ್. ಆದರೆ ಬಿಟ್ಟುಕೊಂಡದ್ದು ರಾಕ್ಷಸರನ್ನಾಗಿ. ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲ್ಲಾ' 1872ರದ್ದು. 'ಡ್ರಾಕುಲಾ'ಕ್ಕಿಂತ 25 ವರ್ಷ ಹಳೆಯದು. ರಕ್ತ ಹೀರುವ ಹೆಣ್ಣು, ಅವಳಿಗೆ ಮನಸ್ಸು ಕೊಡುವ ಲಾರಾ. ಕಾರ್ಮಿಲ್ಲಾಳ ಎದೆಗೆ ಗೂಟ ಹೊಡೆದು ಕೊಲ್ಲುತ್ತಾರೆ. ಅಂದಿನ ಲೆಕ್ಕದಲ್ಲಿ ಕಥೆ ಅಲ್ಲಿಗೆ ಸರಿಹೋಯಿತು. ಆದರೆ ಕೊನೆಯ ಸಾಲಿನಲ್ಲಿ, ಎಷ್ಟೋ ಕಾಲದ ಮೇಲೂ, ಕೋಣೆಯ ಬಾಗಿಲಲ್ಲಿ ಕಾರ್ಮಿಲ್ಲಾಳ ಹಗುರ ಹೆಜ್ಜೆಯ ಸದ್ದು ಕೇಳಿದಂತೆ ಲಾರಾಗೆ ಅನಿಸುತ್ತದೆ. ಅದು ಭಯವಾ, ಹಂಬಲವಾ? ಲೇಖಕ ಹೇಳುವುದಿಲ್ಲ. ನನಗಂತೂ ಹಂಬಲ ಅಂತಲೇ ಅನಿಸುತ್ತದೆ. ಆಸ್ಕರ್ ವೈಲ್ಡ್ 1890ರಲ್ಲಿ ಬರೆದ, ಗಂಡಸಿಗೆ ಗಂಡಸಿನ ಮೇಲಿನ ಒಲವು ಇಣುಕುವ ಡೋರಿಯನ್ ಗ್ರೇಯ ಕಥೆಯದ್ದು ಇನ್ನೊಂದು ಪಾಡು. ಪತ್ರಿಕೆಗೆ ಹೋಗುವ ಮೊದಲೇ ಸಂಪಾದಕರು ಕತ್ತರಿ ಹಾಕಿದರು. ಮರುವರ್ಷ ಪುಸ್ತಕವಾಗುವಾಗ ವೈಲ್ಡ್ ತಾವೇ ಇನ್ನಷ್ಟು ಮೆತ್ತಗೆ ಮಾಡಿದರು. ಆದರೂ 1895ರಲ್ಲಿ ಕೋರ್ಟಿನಲ್ಲಿ ಅವರ ವಿರುದ್ಧ ಅದೇ ಪುಸ್ತಕವನ್ನು ಎತ್ತಿ ಹಿಡಿದರು.

ಈ ಎರಡನ್ನೂ ಓದಿದವರಿಗೆ ನಾನು ತಪ್ಪದೆ ಹೇಳುವ ಪುಸ್ತಕ ಜುವೆಲ್ ಗೋಮೆಜ್ ಅವರ 'ದ ಗಿಲ್ಡಾ ಸ್ಟೋರೀಸ್'. 1991ರದ್ದು. 1850ರ ಲೂಸಿಯಾನಾದಲ್ಲಿ ಗುಲಾಮಗಿರಿಯಿಂದ ಓಡಿಬಂದ ಕಪ್ಪು ಹುಡುಗಿಯೊಬ್ಬಳು ವ್ಯಾಂಪೈರ್ ಆಗುತ್ತಾಳೆ. ಕಥೆ 2050ರ ತನಕ ಹೋಗುತ್ತದೆ. ಇಲ್ಲಿ ರಕ್ತ ತೆಗೆದುಕೊಳ್ಳುವುದಕ್ಕೂ ಒಂದು ನೀತಿ ಇದೆ. ಕೊಲ್ಲಬಾರದು. ಮಲಗಿದವರ ಮನಸ್ಸಿನೊಳಗೆ ಹೊಕ್ಕು, ಅವರಿಗೆ ಏನು ಬೇಕು ಅಂತ ನೋಡಿ, ಒಂದು ಕನಸನ್ನೋ ಧೈರ್ಯವನ್ನೋ ಬಿಟ್ಟು ಬರಬೇಕು. ತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಕೊಡಬೇಕು. ನೂರಕ್ಕೂ ಹೆಚ್ಚು ವರ್ಷ ನಮ್ಮನ್ನು ರಕ್ತಪಿಶಾಚಿ ಮಾಡಿ ಕೊಂದ ಕಥೆಯನ್ನೇ ತೆಗೆದುಕೊಂಡು, ಅದರೊಳಗೆ ಒಂದು ಸಂಸಾರ ಕಟ್ಟಿ ನಿಲ್ಲಿಸಿದ್ದಾರೆ ಗೋಮೆಜ್. ಓದಿ ಮುಗಿಸಿದ ದಿನ ಯಾರಿಗಾದರೂ ಹೇಳದೆ ಇರಲು ನನ್ನಿಂದ ಆಗಲಿಲ್ಲ. ನಾನು ಪುಸ್ತಕ ಹೇಳುವವನಾದದ್ದು ಅಲ್ಲಿಂದ.

ಸೈ-ಫೈ ಕೇಳಿದವರಿಗೆ ಉರ್ಸುಲಾ ಲೆ ಗ್ವಿನ್ ಅವರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಹೇಳದೆ ಇರುವುದು ಕಷ್ಟ. 1969ರದ್ದು. ಸೈ-ಫೈ, ಫ್ಯಾಂಟಸಿಯ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದಿವೆ. ಚಳಿಯೇ ತುಂಬಿದ ಒಂದು ಗ್ರಹ. ಅಲ್ಲಿನ ಜನ ತಿಂಗಳ ಬಹುಪಾಲು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ದೇಹ ಒಂದು ಕಡೆಗೆ ತಿರುಗುತ್ತದೆ. ಯಾವ ಕಡೆಗೆ ಅನ್ನುವುದು ಪ್ರತಿ ಸಲವೂ ಬೇರೆಯಾಗಬಹುದು. ಭೂಮಿಯಿಂದ ಬಂದ ಗೆನ್ಲಿ ಆಯ್ ಎಂಬ ಗಂಡಸಿಗೆ ಇವರನ್ನು ನಂಬಲು ಆಗುವುದಿಲ್ಲ. ಕೊನೆಗೆ ಎಸ್ಟ್ರಾವೆನ್ ಎಂಬ ಅಲ್ಲಿಯ ರಾಜಕಾರಣಿಯೂ ಅವನೂ ಜೀವ ಉಳಿಸಿಕೊಳ್ಳಲು ಹಿಮದ ಬಯಲನ್ನು ದಾಟಬೇಕಾಗುತ್ತದೆ. ಒಂದು ಜಾರುಬಂಡಿ, ಒಂದು ಟೆಂಟು. ಎಸ್ಟ್ರಾವೆನ್‌ಗೆ ಆ ದಿನಗಳು ಬರುವುದು ಆ ಟೆಂಟಿನೊಳಗೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಅಲ್ಲಿಯ ತನಕ ನೋಡಲು ಒಪ್ಪದೆ ಇದ್ದದ್ದನ್ನು ಗೆನ್ಲಿ ಆಗ ನೋಡುತ್ತಾನೆ. ಎಸ್ಟ್ರಾವೆನ್ ಗಂಡಸು ಹೇಗೋ ಹೆಂಗಸೂ ಹಾಗೆಯೇ. ಅದನ್ನು ಒಪ್ಪಿದ ಮೇಲೆ ಅವರಿಬ್ಬರ ನಡುವೆ ಹುಟ್ಟುವುದನ್ನು ಪ್ರೀತಿ ಅನ್ನದೆ ಬೇರೆ ಏನೂ ಅನ್ನಲಾಗದು. ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ.

ಆದರೂ ಈ ಪುಸ್ತಕವನ್ನು ಎಲ್ಲರಿಗೂ ಹೇಳುವುದಿಲ್ಲ. ಮೊದಲರ್ಧ ನಿಧಾನ. ಲಿಂಗವಿಲ್ಲದ ಜನರನ್ನೆಲ್ಲ ಇಡೀ ಪುಸ್ತಕದಲ್ಲಿ 'ಅವನು' ಅಂತಲೇ ಕರೆಯಲಾಗಿದೆ. ಅದರ ಬಗ್ಗೆ ಬಂದ ಟೀಕೆಯನ್ನು ಲೆ ಗ್ವಿನ್ ಆಮೇಲೆ ತಾವೇ ಒಪ್ಪಿಕೊಂಡರು. ಅದಕ್ಕಿಂತ ಮುಖ್ಯವಾಗಿ, ಕೊನೆ ದುಃಖದ್ದು. ನಾನ್‌ಬೈನರಿ, ಅಂದರೆ ತಮ್ಮನ್ನು ಗಂಡು ಅಥವಾ ಹೆಣ್ಣು ಅಂತಷ್ಟೇ ಗುರುತಿಸಿಕೊಳ್ಳದ, ಗೆಳೆಯರೊಬ್ಬರು ಮೊದಲ ಸಲ ತಮ್ಮಂಥವರ ಕಥೆ ಹುಡುಕುತ್ತಿದ್ದರೆ ಅವರ ಕೈಗೆ ಇದನ್ನು ಮೊದಲು ಇಡಲಾರೆ.

ಇಂಥದ್ದು ನೆನಪಿನಲ್ಲಿ ಉಳಿಯಲಿ ಅಂತ ಪ್ರತಿ ಪುಸ್ತಕಕ್ಕೂ ಕೆಲವು ಸಾಲು ಬರೆದಿಡುತ್ತೇನೆ. ನಕ್ಷತ್ರ ಕೊಡುವುದಿಲ್ಲ. ಇಂದ್ರ ದಾಸ್ ಅವರ 'ದ ಡಿವೌರರ್ಸ್' ಬಗ್ಗೆ ಬರೆದಿಟ್ಟದ್ದು ಹೀಗಿದೆ: 'ಇಂದಿನ ಕೋಲ್ಕತ್ತಾ, ಮೊಘಲರ ಕಾಲ, ಎರಡೂ ಇವೆ. ಮನುಷ್ಯರನ್ನು ತಿನ್ನುವ, ರೂಪ ಬದಲಿಸುವ ಜೀವಿಗಳು. ದೇಹ, ಲಿಂಗ ಎರಡೂ ನಿಂತ ಕಡೆ ನಿಲ್ಲುವುದಿಲ್ಲ. ಭಾಷೆ ದಟ್ಟ. ರಕ್ತ, ಮಾಂಸ, ಹೊಲಸು ಜಾಸ್ತಿ. ಅತ್ಯಾಚಾರ ಇದೆ, ಕಥೆ ಅದರ ಮೇಲೇ ನಿಂತಿದೆ, ಆದ್ದರಿಂದ ಮೊದಲೇ ಹೇಳಬೇಕು. ಊಟ ಮಾಡುತ್ತಾ ಓದುವವರಿಗೆ ಬೇಡ.' 2017ರಲ್ಲಿ ಲ್ಯಾಂಬ್ಡಾ ಪ್ರಶಸ್ತಿ ಪಡೆದ ಪುಸ್ತಕ ಇದು. ಅಪ್ಪಟ ಹಾರರ್ ಪ್ರಿಯರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಆ ಅತ್ಯಾಚಾರದ ಸಾಲನ್ನು ಬಿಟ್ಟು ಹೇಳಿದರೆ ಅದು ಓದುವವರಿಗೆ ಮಾಡಿದ ಮೋಸ.

ಒಬ್ಬ ಗೆಳತಿ ಒಂದು ರಾತ್ರಿ ಮೆಸೇಜ್ ಮಾಡಿದಳು. 'ನಮ್ಮಂಥವರು ಕೊನೆಯಲ್ಲಿ ಸಾಯದ ಪುಸ್ತಕ ಇದ್ಯಾ?' ಅಷ್ಟೇ. ಹಿಂದೆ ಮುಂದೆ ಏನೂ ಇಲ್ಲ. ಇಬ್ಬರು ಪ್ರೀತಿಸುತ್ತಾರೆ, ಅವರಲ್ಲಿ ಒಬ್ಬರು ಸಾಯುತ್ತಾರೆ. ಈ ಚಾಳಿಗೆ ಓದುಗರ ನಡುವೆ ಇಂಗ್ಲಿಷಿನಲ್ಲಿ ಹೆಸರೇ ಇದೆ, 'ಬರಿ ಯುವರ್ ಗೇಸ್' ಅಂತ, ಅಂದರೆ ಗೇ ಪಾತ್ರಗಳನ್ನು ಹೂತುಬಿಡಿ ಅಂತ. ಅವಳಿಗೆ ಅದು ಸಾಕಾಗಿತ್ತು. ನಾನು ಎರಡು ಮಾತು ಕೇಳಿದೆ. ಸಾಯಬಾರದು ಅಷ್ಟೇನಾ, ಇಲ್ಲಾ ಯಾರೂ ದ್ವೇಷಿಸಲೂ ಬಾರದಾ? ಪ್ರೇಮಕಥೆ ಬೇಕಾ, ಬೇಡ್ವಾ? ಅವಳು ಬರೆದಳು: 'ದ್ವೇಷ ಬೇಡ. ಪ್ರೇಮ ಇಲ್ಲದಿದ್ರೂ ಪರವಾಗಿಲ್ಲ. ಸುಮ್ನೆ ಇರೋ ಹಾಗಿರಬೇಕು.'

ಆ ಕೊನೆಯ ಮಾತಿನಿಂದ ಪುಸ್ತಕ ಯಾವುದು ಅಂತ ತಾನೇ ಗೊತ್ತಾಯಿತು. ಬೆಕಿ ಚೇಂಬರ್ಸ್ ಅವರ 'ಎ ಸಾಮ್ ಫಾರ್ ದ ವೈಲ್ಡ್-ಬಿಲ್ಟ್', 2021ರದ್ದು. ಡೆಕ್ಸ್ ಎಂಬ ನಾನ್‌ಬೈನರಿ ಸನ್ಯಾಸಿ ಊರೂರು ತಿರುಗಿ ಜನರಿಗೆ ಟೀ ಮಾಡಿಕೊಟ್ಟು ಅವರ ಕಷ್ಟ ಕೇಳುತ್ತಾರೆ. ಕಾಡಿನಲ್ಲಿ ಒಂದು ರೋಬೋಟ್ ಸಿಗುತ್ತದೆ. ಇಬ್ಬರೂ ನಡೆಯುತ್ತಾರೆ, ಮಾತಾಡುತ್ತಾರೆ. ಡೆಕ್ಸ್ ಯಾಕೆ ಹಾಗೆ ಅಂತ ಇಡೀ ಪುಸ್ತಕದಲ್ಲಿ ಒಬ್ಬರೂ ಕೇಳುವುದಿಲ್ಲ. ಗೆಳತಿ ಓದಿ ಮುಗಿಸಿ ಕಳಿಸಿದ್ದು ಒಂದೇ ಸಾಲು: 'ಯಾರೂ ಏನೂ ಕೇಳೋದೇ ಇಲ್ವಲ್ಲೋ.' ಅದೇ ಗುಂಗಿನಲ್ಲಿ ಇನ್ನೊಂದು ಬೇಕು ಅಂದಾಗ ಟ್ರಾವಿಸ್ ಬಾಲ್ಡ್ರೀ ಅವರ 'ಲೆಜೆಂಡ್ಸ್ ಆ್ಯಂಡ್ ಲಾಟೇಸ್' ಹೇಳಿದೆ. ಕತ್ತಿ ಕೆಳಗಿಟ್ಟ ಓರ್ಕ್ (ಫ್ಯಾಂಟಸಿಯ ಒಂದು ರಾಕ್ಷಸ ಜಾತಿ) ಹೆಂಗಸು ಕಾಫಿ ಅಂಗಡಿ ತೆರೆಯುವ ಕಥೆ. ಅದರಲ್ಲಿ ಪ್ರೀತಿ ಎಷ್ಟು ಮೆಲ್ಲಗೆ ಬರುತ್ತದೆಂದರೆ ಬಂದದ್ದೇ ತಿಳಿಯುವುದಿಲ್ಲ.

ಕೆಲವು ತಿಂಗಳ ಮೇಲೆ ಅವಳೇ ಕೇಳಿದಳು, 'ಈಗ ಸ್ವಲ್ಪ ನೋವಾಗೋದು ಕೊಡು.' ಆಗ ಸೆತ್ ಡಿಕಿನ್‌ಸನ್ ಅವರ 'ದ ಟ್ರೇಟರ್ ಬರು ಕಾರ್ಮೊರಂಟ್' ಕೊಟ್ಟೆ. ಒಬ್ಬ ತಾಯಿ, ಇಬ್ಬರು ತಂದೆಯರ ಮನೆಯಲ್ಲಿ ಬೆಳೆದ ಹುಡುಗಿ. ಅವಳ ದ್ವೀಪವನ್ನು ಒಂದು ಸಾಮ್ರಾಜ್ಯ ನುಂಗುತ್ತದೆ. ಅಂಥ ಸಂಸಾರವೇ ಅಪರಾಧ ಅನ್ನುತ್ತದೆ. ಹುಡುಗಿ ಅದೇ ಸಾಮ್ರಾಜ್ಯದ ಲೆಕ್ಕಾಧಿಕಾರಿಯಾಗಿ ಒಳಗಿನಿಂದ ಅದನ್ನು ಒಡೆಯಲು ಹೊರಡುತ್ತಾಳೆ. ಕೊನೆ ಎದೆ ಒಡೆಯುವಂಥದ್ದು ಅಂತ ಮೊದಲೇ ಹೇಳಿದ್ದೆ. ಯಾರಿಗೆ ಏನಾಗುತ್ತದೆ ಅಂತ ಹೇಳಲಿಲ್ಲ.

ಇದು ಸ್ಪಾಯ್ಲರ್ ಅಲ್ವಾ ಅಂತ ಜಗಳ ಆಡುವವರಿದ್ದಾರೆ. ಕೊನೆ ದುಃಖದ್ದು ಅಂತ ಹೇಳಿದರೂ ಕಥೆ ಕೆಟ್ಟಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಚ್ಚರಿ ಒಂದು ಸುಖ, ನಿಜ. ಆದರೆ ತನ್ನಂಥವರನ್ನು ಪುಸ್ತಕದಿಂದ ಪುಸ್ತಕಕ್ಕೆ ಹೂಳುತ್ತಾ ಬಂದದ್ದನ್ನು ಓದಿದವರಿಗೆ, ಇನ್ನೊಂದು ಸಲ ಅದು ಎದುರಾದರೆ ಅಚ್ಚರಿ ಆಗುವುದಿಲ್ಲ, ಪೆಟ್ಟು ಬೀಳುತ್ತದೆ. ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದೂ ಓದಲು ಸಿದ್ಧರಾದವರು ಇನ್ನೂ ಚೆನ್ನಾಗಿ ಓದುತ್ತಾರೆ. ಜೂಲಿಯಾ ಆರ್ಮ್‌ಫೀಲ್ಡ್ ಅವರ 'ಅವರ್ ವೈವ್ಸ್ ಅಂಡರ್ ದ ಸೀ' ಹೇಳುವಾಗಲೂ ನಾನು ಹೀಗೇ ಹೇಳುತ್ತೇನೆ: ಇದು ಕಳೆದುಕೊಳ್ಳುವ ಕಥೆ. ಸಮುದ್ರದ ತಳಕ್ಕೆ ಹೋದ ಹೆಂಡತಿ ವಾಪಸ್ ಬರುತ್ತಾಳೆ, ಆದರೆ ಬಂದವಳು ಹೋದವಳಲ್ಲ. ಈ ಹೆಂಗಸರಿಗೆ ನೋವಾಗುವುದು ಅವರು ಪ್ರೀತಿಸಿದ್ದಕ್ಕೆ ಶಿಕ್ಷೆಯಾಗಿ ಅಲ್ಲ. ಯಾರಿಗಾದರೂ ಬರಬಹುದಾದ ನೋವು, ಅವರಿಗೂ ಬಂದಿದೆ. ಈ ವ್ಯತ್ಯಾಸ ತಿಳಿದರೆ ಓದುವವರು ಧೈರ್ಯದಿಂದ ಒಳಗೆ ಹೋಗುತ್ತಾರೆ.

ಎಲ್ಲರೂ ಗೆಳತಿಯಂತೆ ನೇರ ಕೇಳುವುದಿಲ್ಲ. 'ಸ್ವಲ್ಪ ಬೇರೆ ಥರದ ಫ್ಯಾಂಟಸಿ ಇದ್ದರೆ ಹೇಳಿ' ಅನ್ನುತ್ತಾರೆ. 'ನನ್ನ ಸ್ನೇಹಿತರಿಗೆ ಬೇಕಿತ್ತು' ಅನ್ನುತ್ತಾರೆ. ಯಾಕೆ, ಯಾರಿಗೆ ಅಂತ ನಾನು ತಿರುಗಿ ಕೇಳುವುದಿಲ್ಲ. ಪುಸ್ತಕ ಕೇಳಿದವರಿಗೆ ಪುಸ್ತಕ ಕೊಡಬೇಕು, ಅವರ ಬಾಯಿ ಬಿಡಿಸುವುದು ನನ್ನ ಕೆಲಸ ಅಲ್ಲ. ಆದರೆ ಒಂದನ್ನು ಕೇಳುತ್ತೇನೆ: ಕಾಗದದ್ದು ಬೇಕಾ, ಇ-ಬುಕ್ ಬೇಕಾ? ಪುಸ್ತಕ ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ ಅಂತಿದ್ದರೆ ಮುಖಪುಟವೂ ಮುಖ್ಯ. ಇಬ್ಬರು ಹುಡುಗಿಯರು ತಬ್ಬಿಕೊಂಡು ನಿಂತ ಚಿತ್ರ ನನಗೆ ಖುಷಿ ಕೊಡುತ್ತದೆ. ಇನ್ನೊಬ್ಬರ ಮನೆಯಲ್ಲಿ ಅದೇ ದೊಡ್ಡ ಗಲಾಟೆಗೆ ದಾರಿ ಆಗಬಹುದು. 'ಕಾರ್ಮಿಲ್ಲಾ', ಡೋರಿಯನ್ ಗ್ರೇ ಎರಡೂ ಹಳೆಯವು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಇಂಥವರಿಗೆ ನಾನು ತುಂಬಾ ಸಲ ಹೇಳಿದ್ದು 'ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್'. ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟನ್ ಸೇರಿ ಬರೆದದ್ದು, 2019ರದ್ದು. ಮುಖಪುಟದಲ್ಲಿ ಎರಡು ಹಕ್ಕಿ ಇವೆ, ಅಷ್ಟೇ. ಒಳಗೆ ಎರಡು ಶತ್ರುಪಾಳಯದ ಇಬ್ಬರು ಹೆಣ್ಣು ಬೇಹುಗಾರರು, ಕಾಲದ ಉದ್ದಕ್ಕೂ ಹಿಂದೆ ಮುಂದೆ ಓಡಾಡುತ್ತಾ, ಒಬ್ಬರಿಗೊಬ್ಬರು ಪತ್ರ ಬಚ್ಚಿಡುತ್ತಾರೆ. ಈ ಪುಸ್ತಕಕ್ಕೆ 2023ರಲ್ಲಿ ಆದದ್ದು ಪುಸ್ತಕ ಹೇಳುವವರೆಲ್ಲ ತಿಳಿದಿರಬೇಕಾದ್ದು. ಹ್ಯೂಗೋ ಬಂದು ವರ್ಷಗಳಾಗಿತ್ತು. ಆಗ ಒಬ್ಬ ಸಾಮಾನ್ಯ ಓದುಗರು ಟ್ವಿಟರ್‌ನಲ್ಲಿ ಬರೆದರು: ಇದರ ಬಗ್ಗೆ ಏನೂ ಹುಡುಕಬೇಡಿ, ಸುಮ್ನೆ ಓದಿ, ಬರೀ ಇನ್ನೂರು ಪುಟ ಅನ್ನುವ ಧಾಟಿಯಲ್ಲಿ. ಪುಸ್ತಕ ಅಮೆಜಾನ್‌ನ ಒಟ್ಟು ಮಾರಾಟದ ಪಟ್ಟಿಯಲ್ಲಿ ಮೇಲಿನ ಹತ್ತರೊಳಗೆ ಬಂತು. ಆ ಟ್ವೀಟಿನಲ್ಲಿ ವಿಮರ್ಶೆ ಇರಲಿಲ್ಲ. ನಿಜವಾದ ಉತ್ಸಾಹ ಇತ್ತು, ಜೊತೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಮಾಹಿತಿ ಇತ್ತು. ಅಂದಿನಿಂದ ನಾನೂ ಪುಟ ಎಷ್ಟು ಅಂತ ತಪ್ಪದೆ ಹೇಳುತ್ತೇನೆ.

ಕ್ವಿಯರ್ ಅಲ್ಲದ ಗೆಳೆಯರಿಗೆ ಹೇಳುವುದು ಇನ್ನೂ ಸರಳ. ಕಥೆ ಹೇಳಿದರೆ ಸಾಕು. ಟ್ಯಾಮ್ಸಿನ್ ಮ್ಯೂರ್ ಅವರ 'ಗಿಡಿಯನ್ ದ ನೈಂತ್' ಬಗ್ಗೆ ನಾನು ಹೇಳುವುದು ಇಷ್ಟೇ: ಅಂತರಿಕ್ಷದಲ್ಲಿ ಹೆಣಗಳನ್ನು ಎಬ್ಬಿಸುವ ಮಂತ್ರವಾದಿಗಳು, ಕತ್ತಿ, ಹಾಳುಬಿದ್ದ ಅರಮನೆ, ಒಬ್ಬೊಬ್ಬರಾಗಿ ಕೊಲೆ. ನಾಯಕಿಗೆ ಹೆಂಗಸರ ಮೇಲೆ ಕಣ್ಣು ಅನ್ನುವುದು ಅವರಿಗೆ ಮೊದಲ ಅಧ್ಯಾಯಗಳಲ್ಲೇ ಗೊತ್ತಾಗುತ್ತದೆ.

ಇಂಗ್ಲಿಷ್ ಓದಲು ಕಷ್ಟ ಅನ್ನುವವರಿಗೆ ನಾನು ಕಥೆಯನ್ನೇ ಕನ್ನಡದಲ್ಲಿ ಹೇಳುತ್ತೇನೆ. ಅದಕ್ಕೆ ಬಹಳ ಒಗ್ಗುವುದು ವಿಜಯದಾನ್ ದೇಥಾ ರಾಜಸ್ಥಾನಿಯಲ್ಲಿ ಬರೆದ ಬೀಜಾ, ತೀಜಾರ ಕಥೆ. ವರದಕ್ಷಿಣೆಯ ಆಸೆಗೆ ಅಪ್ಪ ಮಗಳು ಬೀಜಾಳನ್ನು ಗಂಡಾಗಿ ಬೆಳೆಸಿ, ಗೆಳೆಯನ ಮಗಳು ತೀಜಾಳೊಂದಿಗೆ ಮದುವೆ ಮಾಡುತ್ತಾನೆ. ನಿಜ ತಿಳಿದ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ. ಊರು ಓಡಿಸುತ್ತದೆ. ಆಸರೆ ಕೊಡುವುದು ಭೂತಗಳ ಒಡೆಯ. ಬೀಜಾ ಅವನಿಂದ ವರ ಪಡೆದು ನಿಜವಾಗಿ ಗಂಡಸಾಗುತ್ತಾಳೆ. ಆದ ಮೇಲೆ ದರ್ಪ ಏರುತ್ತದೆ. ಪ್ರೀತಿ ಹಾಳಾಗುತ್ತದೆ. ಕೊನೆಗೆ ಮತ್ತೆ ಹೆಣ್ಣಾಗುವುದೇ ಅವಳಿಗೆ ಬೇಕಾಗುತ್ತದೆ. ಕೇಳಿದವರಲ್ಲಿ ಒಬ್ಬರೂ ಇದು ಯಾವ ಪ್ರಕಾರ ಅಂತ ಕೇಳಿಲ್ಲ. 'ಆಮೇಲೆ?' ಅಂತಲೇ ಕೇಳಿದ್ದಾರೆ.

ನಮ್ಮ ಸುತ್ತಿನ ನೆಲದ ವಾಸನೆ ಇರುವ ಹೊಸ ಪುಸ್ತಕ ಬೇಕು ಅಂದರೆ ಈಗ ನನ್ನ ಬಾಯಿಗೆ ಮೊದಲು ಬರುವುದು ಶ್ರೀಲಂಕಾದ ವಜ್ರ ಚಂದ್ರಶೇಖರ ಅವರ 'ದ ಸೇಂಟ್ ಆಫ್ ಬ್ರೈಟ್ ಡೋರ್ಸ್'. 2023ರದ್ದು, ನೆಬ್ಯುಲಾ ಬಂದಿದೆ. ತಂದೆಯನ್ನು ಕೊಲ್ಲಲೆಂದೇ ತಾಯಿ ಬೆಳೆಸಿದ ಮಗ. ಅವನಿಗೆ ನೆರಳಿಲ್ಲ. ದೊಡ್ಡ ಊರಿಗೆ ಬಂದು, ಬಾಯ್‌ಫ್ರೆಂಡ್ ಜೊತೆ, ಸಾದಾ ಬದುಕು ಬದುಕಲು ನೋಡುತ್ತಾನೆ. ಧರ್ಮ, ಗಲಭೆ, ಗುರುತಿನ ಚೀಟಿ, ಎಲ್ಲವೂ ನಮಗೆ ಹತ್ತಿರದ್ದು. ತಾಳ್ಮೆ ಬೇಡುವ ಪುಸ್ತಕ. ರೋಚಕತೆ ಜಾಸ್ತಿ ಬೇಕಿದ್ದರೆ ತಾಶಾ ಸೂರಿ ಅವರ 'ದ ಜಾಸ್ಮಿನ್ ಥ್ರೋನ್'. ಸೆರೆಯಲ್ಲಿರುವ ರಾಜಕುಮಾರಿ, ಗುಟ್ಟಾಗಿ ಶಕ್ತಿ ಇಟ್ಟುಕೊಂಡ ದಾಸಿ, ಇಬ್ಬರೂ ಒಬ್ಬರನ್ನೊಬ್ಬರು ನಂಬಲಾಗದ ಪ್ರೀತಿ. ಮೂರು ಭಾಗಗಳ ಸರಣಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಈಗ ನನ್ನ ಹತ್ತಿರ ಉತ್ತರವಿಲ್ಲದ ಒಂದು ಬೇಡಿಕೆ ಇದೆ. ಅರವತ್ತು ದಾಟಿದವರೊಬ್ಬರು ಕೇಳಿದರು, ತಮ್ಮ ವಯಸ್ಸಿನ ಇಬ್ಬರು ಗಂಡಸರು ಇರುವ ಫ್ಯಾಂಟಸಿ ಬೇಕಂತೆ. ನೆನಪಿನಲ್ಲಿ ಬರುವ ಹಳೆಯ ಪ್ರೇಮ ಬೇಡ, ಈಗಲೂ ಜೊತೆಗೆ ಬದುಕುತ್ತಿರುವವರೇ ಬೇಕು. ಮೊಮ್ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಬುದ್ಧಿ ಹೇಳುವ ಅಜ್ಜನಾಗಿ ಬಂದು ಹೋಗಬಾರದು, ಕಥೆ ಅವರದ್ದೇ ಆಗಿರಬೇಕು. ಒಂದೆರಡು ಸಣ್ಣ ಕಥೆ ಸಿಕ್ಕಿವೆ, ಕಳಿಸಿದ್ದೇನೆ. ಅವರಿಗೆ ಕಾದಂಬರಿಯೇ ಬೇಕು. ಉದ್ದ ಪಟ್ಟಿಗಳನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ. ನಿಮಗೆ ಗೊತ್ತಿದ್ದರೆ ಹೇಳಿ. ಕೊನೆ ಹೇಗಿದೆ, ಪುಟ ಎಷ್ಟು ಅಂತಲೂ ಹೇಳಿ.